ಕಸದ ಪಟ್ಟಿಯಲ್ಲಿದ್ದ ಗಡ್ಡೆಗಳು

ಗಡ್ಡೆ ಗಿಡಗಳ ಮೇಲೆ ಕೆಲಸ ಮಾಡುವವಳು ನಾನು ಎಂದರೆ ಜನ ಮೊದಲು ಆಲೂಗಡ್ಡೆ ಅಂದುಕೊಳ್ಳುತ್ತಾರೆ. ಅಲ್ಲ, ಹೂವಿನ ಗಡ್ಡೆ ಎಂದು ತಿದ್ದಿದರೆ ಸುಗಂಧರಾಜವೇ ಎಂದು ಕೇಳುತ್ತಾರೆ. ಸುಗಂಧರಾಜವನ್ನೂ ಬೆಳೆದಿದ್ದೇನೆ, ಗ್ಲಾಡಿಯೋಲಸ್ಸನ್ನೂ ಬೆಳೆದಿದ್ದೇನೆ. ಆದರೆ ನನ್ನ ಇಪ್ಪತ್ತಾರು ವರ್ಷ ಹೋದದ್ದು ಮುಖ್ಯವಾಗಿ ಒಂದೇ ಹೂವಿಗೆ. ನರ್ಸರಿಯವರು ಅದನ್ನು ಅಮರಿಲ್ಲಿಸ್ ಅನ್ನುತ್ತಾರೆ. ವಿಜಯನಗರದ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಅದಕ್ಕೆ ಬರೀ ಲಿಲ್ಲಿ. ಬೇಸಿಗೆಯ ಮೊದಲ ಮಳೆ ಬೀಳುವ ಹೊತ್ತಿಗೆ, ಎಲೆಯೇ ಇಲ್ಲದ ಬರಿ ನೆಲದಿಂದ ಬೆರಳು ದಪ್ಪದ ದಂಟೊಂದು ಎದ್ದು, ತುದಿಯಲ್ಲಿ ಕಹಳೆಯಂಥ ಎರಡೋ ನಾಲ್ಕೋ ಹೂ ಬಿಡುತ್ತದಲ್ಲ, ಅದೇ.

ಈ ಗಿಡಕ್ಕೆ ನಾನು ಗಂಟುಬಿದ್ದದ್ದು ತೋಟಗಾರಿಕೆ ಕಾಲೇಜಿನ ಎರಡನೇ ವರ್ಷದಲ್ಲಿ. ರಜೆ ಮುಗಿಸಿ ಬಂದಾಗ ಪ್ರಯೋಗಾಲಯದ ಒಂದು ಡ್ರಾಯರ್ ಎಷ್ಟು ಎಳೆದರೂ ಬರಲಿಲ್ಲ. ಇಬ್ಬರು ಸೇರಿ ಎಳೆದೆವು. ಒಳಗೆ ಯಾರೋ ರಜೆಗೆ ಮುಂಚೆ ಮರೆತುಬಿಟ್ಟ ಗಡ್ಡೆ ಇತ್ತು. ಮಣ್ಣಿಲ್ಲ, ನೀರಿಲ್ಲ, ಬೆಳಕಿಲ್ಲ. ಆದರೂ ಅದರಿಂದ ಗೇಣುದ್ದದ ಬಿಳಿಚಿದ ದಂಟು ಹೊರಟು, ಮೇಲಿನ ಹಲಗೆಗೆ ತಗುಲಿ, ಬಗ್ಗಿ, ಅಡ್ಡಕ್ಕೆ ಬೆಳೆದು ಡ್ರಾಯರಿನ ಮೂಲೆಗೆ ಮೊಗ್ಗು ಒತ್ತಿಕೊಂಡಿತ್ತು. ಮೇಷ್ಟ್ರು ನೋಡಿ ನಕ್ಕು, ಹಾಳಾಗಿದೆ, ಎಸೆಯಿರಿ ಅಂದರು. ನಾನು ಎಸೆಯಲಿಲ್ಲ. ಹಾಸ್ಟೆಲಿಗೆ ಒಯ್ದು ಎಣ್ಣೆ ಡಬ್ಬವೊಂದರಲ್ಲಿ ನೆಟ್ಟೆ. ಹೂ ಸೊಟ್ಟಗೇ ಬಿಟ್ಟಿತು. ಆದರೂ ಬಿಟ್ಟಿತು. ಯಾರ ಅಪ್ಪಣೆಯನ್ನೂ ಕೇಳದ ಗಿಡ ಇದು ಅನ್ನಿಸಿತು. ನನಗೂ ಆಗ ಮನೆಯಲ್ಲಿ ಗಂಡು ನೋಡುತ್ತಿದ್ದರು.

ಕೆಂಗೇರಿ ದಾಟಿ ಇನ್ನೂ ಹತ್ತು ಕಿಲೋಮೀಟರ್ ಆಚೆ, ಹೂಗಿಡ ಬೆಳೆಸುವ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಸಂದರ್ಶನದಲ್ಲಿ ಗುಲಾಬಿ ವಿಭಾಗ ಕೊಡುತ್ತೇವೆ, ಬೇಗ ಹೆಸರು ಬರುತ್ತದೆ ಅಂದರು. ಗಡ್ಡೆ ಕೊಡಿ ಅಂದೆ. ಅದು ಯಾರಿಗೂ ಬೇಡವಾದ ವಿಭಾಗ. ಇಬ್ಬರು ನನಗಿಂತ ಮುಂಚೆ ಅಲ್ಲಿಗೆ ಬಂದು, ವರ್ಗ ಮಾಡಿಸಿಕೊಂಡು ಹೋಗಿದ್ದರು. ಸಂಸ್ಥೆಯ ಹಿರಿಯ ಮಾಲೀಕರಿಗೆ ಮಾತ್ರ ಗಡ್ಡೆಗಳೆಂದರೆ ಇಷ್ಟ. ಅವರು ತಾಳ್ಮೆ ಇದೆಯೇನಮ್ಮ ಎಂದು ಕೇಳಿದರು. ತಾಳ್ಮೆ ಇಲ್ಲ ಸಾರ್, ಹಟ ಇದೆ ಅಂದೆ. ಕೆಲಸ ಕೊಟ್ಟರು. ಆಫೀಸಿನ ಹುಡುಗರು ನನಗೆ ಗಡ್ಡೆ ಮೇಡಂ ಎಂದು ಹೆಸರಿಟ್ಟರು. ಮೊದಲು ಹಿಂದಿನಿಂದ ಅನ್ನುತ್ತಿದ್ದರು, ಆಮೇಲೆ ಎದುರಿಗೇ. ನಾನು ಓಗೊಟ್ಟೆ.

ತಾಳ್ಮೆಯ ಮಾತು ಯಾಕೆ ಬಂತೆಂದರೆ, ಈ ಕೆಲಸ ಅಷ್ಟು ನಿಧಾನ. ಒಂದು ಹೂವಿನ ಪರಾಗವನ್ನು ಸಣ್ಣ ಬ್ರಷ್ಷಿನಿಂದ ತೆಗೆದು ಇನ್ನೊಂದಕ್ಕೆ ಮುಟ್ಟಿಸಬೇಕು. ಕಾಯಿ ಕಟ್ಟಿ ಒಡೆದರೆ ಸುಟ್ಟ ಕಾಗದದ ಚೂರಿನಂಥ ಕಪ್ಪು ಬೀಜ ಸಿಗುತ್ತದೆ. ಅದನ್ನು ಬಿತ್ತಿ, ಆ ಮೊಳಕೆ ಗಡ್ಡೆಯಾಗಿ ಮೊದಲ ಹೂ ಬಿಡಲು ಮೂರು ವರ್ಷ, ಕೆಲವಕ್ಕೆ ಐದು. ನೂರು ಸಸಿಯಲ್ಲಿ ತೊಂಬತ್ತೆಂಟು ಮಾಮೂಲಿ ಹೂವೇ ಬಿಡುತ್ತವೆ. ನನಗೆ ಬೇಕಿದ್ದದ್ದು ಗಿಡ್ಡ ದಂಟಿನ ಬಿಳಿ ಹೂ. ನಮ್ಮೂರಿನ ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಉದ್ದ ದಂಟಿನ ಬಿಳಿಗಳು ಹೂಬಿಟ್ಟ ಮರುದಿನವೇ ಮಣ್ಣಿಗೆ ಮುಖ ಹಾಕಿ ಬೀಳುತ್ತವೆ. ಬೀಳದ ಒಂದು ಬಿಳಿ ಬೇಕು ಎಂದು ಹೊರಟವಳು ನಾನು. ಏಳನೇ ಸಲದ ಸಂಕರದ ಸಸಿಗಳು ಚೆನ್ನಾಗಿ ಬಂದಿದ್ದವು. ಗಡ್ಡೆಗಳು ನಿಂಬೆಹಣ್ಣಿಗಿಂತ ದೊಡ್ಡವಾಗಿ, ಮುಂದಿನ ಬೇಸಿಗೆಗೆ ಹೂ ಬಿಡಬಹುದು ಅನ್ನುವ ಹಂತದಲ್ಲಿದ್ದವು.

ಅಷ್ಟರಲ್ಲಿ ಹಿರಿಯ ಮಾಲೀಕರು ಸಂಸ್ಥೆಯನ್ನು ಬೇರೆಯವರಿಗೆ ವಹಿಸಿ ಮನೆ ಸೇರಿದರು. ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮಾತಿನ ಮನುಷ್ಯ, ಎಲ್ಲರಿಗೂ ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡುತ್ತಿದ್ದರು. ದೀಪಾವಳಿ ಕಳೆದು, ಲಿಲ್ಲಿಗಳಿಗೆ ನೀರು ನಿಲ್ಲಿಸಿ, ಎಲೆಗಳೆಲ್ಲ ಒಣಗಿದ್ದ ಕಾಲ. ಗಡ್ಡೆಗಳು ನಿದ್ದೆಗೆ ಹೋಗಿದ್ದವು. ಅವರು ನೆರಳುಮನೆಗೆ ಬಂದು ಸಾಲುಸಾಲು ಖಾಲಿ ಕುಂಡಗಳನ್ನು ನೋಡಿ, ಇಲ್ಲೇನೂ ಇಲ್ಲವಲ್ಲ ಅಂದರು. ಎರಡು ದಿನ ಬಿಟ್ಟು ನನ್ನನ್ನು ಕರೆದು ಕೂರಿಸಿ, ನೆರಳುಮನೆಯನ್ನು ಹದಿನೈದು ದಿನದಲ್ಲಿ ಖಾಲಿ ಮಾಡಬೇಕು, ಮನೆಯೊಳಗೆ ಇಡುವ ಗಿಡಗಳಿಗೆ ಈಗ ಬೇಡಿಕೆ, ನೀವೇ ಅದನ್ನು ನೋಡಿಕೊಳ್ಳಿ ಅಂದರು. ಗಡ್ಡೆಗಳ ಗತಿ ಏನು ಎಂದು ಕೇಳಿದೆ.

"ಗೊಬ್ಬರದ ಗುಂಡಿಗೆ ಹಾಕ್ಸಿ ಮೇಡಂ. ನಾಲ್ಕು ವರ್ಷ ಕಾದು ಒಂದು ಹೂ ನೋಡೋ ಕಾಲ ಹೋಯ್ತು."

ಅಳು ಬಂತು. ಅವರ ಎದುರು ಅಳಲಿಲ್ಲ. ಹಾಗಾದರೆ ಬರೆದುಕೊಡಿ ಅಂದೆ. ನಾನೇ ಪಟ್ಟಿ ಟೈಪ್ ಮಾಡಿದೆ: ನೂರ ಎಂಬತ್ತು ತಳಿ, ಹೂ ಕಾಣದ ಆರುನೂರು ಸಸಿಗಡ್ಡೆ, ಎಲ್ಲವೂ ನಿರುಪಯುಕ್ತ, ವಿಲೇವಾರಿ ಮಾಡತಕ್ಕದ್ದು. ಅವರು ಓದದೆಯೇ ಸಹಿ ಹಾಕಿದರು. ಸಹಿ ಒಣಗುವ ಮುಂಚೆ ಹೇಳಿದೆ.

"ಕಸ ಅಂತ ಸಹಿ ಹಾಕಿದ್ದೀರಿ ಸಾರ್. ಕಸ ಎಲ್ಲಿಗೆ ಹಾಕ್ಬೇಕು ಅನ್ನೋದು ನಂಗೆ ಬಿಡಿ. ನಾನು ಮನೆಗೆ ತಗೊಂಡು ಹೋಗ್ತೀನಿ. ಜೊತೆಗೆ ನನ್ನ ರಾಜೀನಾಮೇನೂ ತಗೊಳ್ಳಿ."

ಅವರು ಆಗ ಪಟ್ಟಿ ಓದಿದರು. ಆಮೇಲೆ ಭುಜ ಹಾರಿಸಿ, ನಿಮ್ಮಿಷ್ಟ ಅಂದರು.

ನನ್ನ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಹೆಂಗಸು ಒಬ್ಬರಿದ್ದರು. ಹಳೇ ಕೆಂಗೇರಿಯವರು, ನನಗಿಂತ ಎರಡು ವರ್ಷ ದೊಡ್ಡವರು. ಓದು ಬರಹ ಇಲ್ಲದಿದ್ದರೂ ಗಡ್ಡೆಯನ್ನು ಕೈಯಲ್ಲಿ ತೂಗಿ ಈ ವರ್ಷ ಹೂ ಬಿಡುತ್ತೋ ಇಲ್ಲವೋ ಹೇಳುತ್ತಿದ್ದರು, ತಪ್ಪಿದ್ದು ಕಡಿಮೆ. ಗಡ್ಡೆಗಳನ್ನು ಗುಂಡಿಗೆ ಹಾಕಲು ಅವರಿಗೂ ಹೇಳಿಕಳಿಸಿದ್ದರು. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಮುಂದೆ ನಿಂತರು.

"ಈ ಗುಂಡಿಗ್ ಸುರಿಯೋ ಕೆಲ್ಸ ನನ್ ಕೈಲಿ ಆಗಾಕಿಲ್ಲ ಕಣವ್ವಾ. ಬೇರೆ ಏನಾರ ಯೋಳು, ಮಾಡ್ತೀನಿ."

ಟೆಂಪೋಗೆ ತುಂಬೋಣ ಎಂದೆ. ಅವರ ಮುಖ ಅರಳಿದ್ದು ನನಗೆ ಇವತ್ತೂ ನೆನಪಿದೆ. ಮೂರು ದಿನ ಇಬ್ಬರೂ ಕೂತು ಪ್ರತಿ ಗಡ್ಡೆಯ ಬೇರು ಸವರಿ, ಒಣಗಿಸಿ, ನಂಬರಿನ ಚೀಟಿ ಕಟ್ಟಿದೆವು. ಅವರು ಮಾತ್ರ ಕೆಲಸ ಬಿಡಲಿಲ್ಲ, ಬಿಡಬೇಡಿ ಎಂದು ನಾನೇ ಹೇಳಿದೆ. ಹಟ ಹಿಡಿಯಲು ನನಗೆ ಗಂಡನ ಸಂಬಳದ ಆಸರೆ ಇತ್ತು. ಅವರಿಗೆ ಇರಲಿಲ್ಲ.

ವಿಜಯನಗರದ ಆರ್‌ಪಿಸಿ ಲೇಔಟಿನ ನಮ್ಮ ಮನೆ ಮೂವತ್ತು ನಲವತ್ತರ ಸೈಟಿನದು. ತಾರಸಿ ಅರ್ಧ ನೀರಿನ ಟ್ಯಾಂಕು, ಅರ್ಧ ಬಟ್ಟೆ ಒಣಗಿಸುವ ತಂತಿ. ರಾಜಾಜಿನಗರದ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ ಮನೆಗೆ ಬಂದು, ನಡುಮನೆಯಿಂದ ಅಡುಗೆಮನೆಯವರೆಗೆ ಸಾಲಾಗಿ ಇಟ್ಟಿದ್ದ ಕ್ರೇಟುಗಳನ್ನು ನೋಡಿ, ಚಪ್ಪಲಿ ಎಲ್ಲಿ ಬಿಡಲಿ ಎಂದು ಮಾತ್ರ ಕೇಳಿದರು. ತಳಿಗಳೆಲ್ಲ ತಾರಸಿಗೆ ಹೋದವು. ಆರುನೂರು ಸಸಿಗಡ್ಡೆಗಳಿಗೆ ಜಾಗ ಉಳಿಯಲಿಲ್ಲ.

ಆಗ ನನಗೊಂದು ಯೋಚನೆ ಬಂತು. ನಮ್ಮ ಅಡ್ಡರಸ್ತೆಗಳಲ್ಲಿ ಗೊತ್ತಿದ್ದ ಮನೆಗಳಿಗೆಲ್ಲ ಹೋದೆ. ಟೈಲರಿಂಗ್ ಮಾಡುವವರು, ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಶಾಲೆ ಟೀಚರ್, ಯಾರನ್ನೂ ಬಿಡಲಿಲ್ಲ. ಹದಿನೈದು ಗಡ್ಡೆ ಕೊಡುತ್ತೇನೆ, ಶಿವರಾತ್ರಿಯವರೆಗೆ ಗಾಳಿಯಾಡುವ ಕಡೆ ತೂಗುಹಾಕಿ, ಆಮೇಲೆ ಮಣ್ಣಿಗೆ ಹಾಕಿ, ಹೂ ನಿಮ್ಮದು, ಹೂ ಬಿಟ್ಟ ದಿನ ನನ್ನನ್ನು ಕರೆಯಬೇಕು, ಮರಿಗಡ್ಡೆ ಬಂದರೆ ಒಂದು ನನಗೆ ಕೊಡಬೇಕು, ಇಷ್ಟೇ ಒಪ್ಪಂದ. ಮೂವತ್ತೆಂಟು ಮನೆಯವರು ಒಪ್ಪಿದರು. ಗಡ್ಡೆಗೆ ಗಾಳಿ ಬೇಕು, ಹಾಗಾಗಿ ವಿಜಯನಗರ ಮಾರ್ಕೆಟ್ಟಿನಿಂದ ಈರುಳ್ಳಿ ತುಂಬುವ ಕೆಂಪು ಬಲೆಚೀಲ ತಂದು ಅದರಲ್ಲಿ ತುಂಬಿಕೊಟ್ಟೆ. ಇಷ್ಟು ವರ್ಷ ಗಡ್ಡೆಗಳ ನಡುವೆ ಬದುಕಿದವಳಿಗೆ, ಈ ಚೀಲ ನೋಡಿದ ಉಳಿದವರು ಏನು ಅಂದುಕೊಳ್ಳಬಹುದು ಅನ್ನುವುದು ಹೊಳೆಯಲೇ ಇಲ್ಲ.

ಸಂಕ್ರಾಂತಿ ಕಳೆದು ಮೂರನೇ ದಿನ ಮಧ್ಯಾಹ್ನ ಮೂಲೆಮನೆಯ ಟೈಲರ್ ಆಂಟಿ ಓಡಿಬಂದರು. ಅವರ ಮನೆಯ ಮೇಲಿನ ರೂಮಿನಲ್ಲಿ ಬಾಗಲಕೋಟೆ ಕಡೆಯ ಇಬ್ಬರು ಯುವಕರು ಬಾಡಿಗೆಗಿದ್ದರು, ಇಬ್ಬರೂ ಊಟ ಡೆಲಿವರಿ ಮಾಡುವವರು. ಆಂಟಿ ನನ್ನ ಚೀಲವನ್ನು ಅವರ ರೂಮಿಗೆ ಹೋಗುವ ಮೆಟ್ಟಿಲ ಮೇಲೆ ಮೊಳೆಗೆ ತೂಗುಹಾಕಿದ್ದರು. ಅದನ್ನು ಜೊತೆಯವನು ತಂದ ಈರುಳ್ಳಿ ಅಂದುಕೊಂಡು ಒಬ್ಬ ಒಂದನ್ನು ಹೆಚ್ಚಿ ಮೊಟ್ಟೆಗೆ ಹಾಕಿಕೊಂಡು ತಿಂದಿದ್ದ. ಅರ್ಧ ಗಂಟೆಯಲ್ಲಿ ವಾಂತಿ ಶುರುವಾಗಿ, ನಿಲ್ಲದೆ, ಜೊತೆಯವನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದ.

ಈ ಗಡ್ಡೆ ಹೊಟ್ಟೆಗೆ ಹೋದರೆ ವಿಷ. ನನಗೆ ಅದು ಗೊತ್ತಿತ್ತು. ಹೆಸರು ಹೇಳಿದರೆ ಡಾಕ್ಟರಿಗೆ ಅನುಕೂಲ ಎಂದು ಉಳಿದ ಚೂರನ್ನು ಒಯ್ಯಲು ಆ ರೂಮಿಗೆ ಹೋದೆ. ಇಲ್ಲೊಂದು ಮಾತು ಬರೆಯಲೇಬೇಕು, ಬರೆಯದಿದ್ದರೆ ಈ ನೆನಪು ಸುಳ್ಳಾಗುತ್ತದೆ. ಕಸದ ಡಬ್ಬಿಯಲ್ಲಿ ಸಿಪ್ಪೆಯ ಜೊತೆ ಚೀಟಿ ಬಿದ್ದಿತ್ತು, ಏಳು–ನಲವತ್ತೊಂದು. ಏಳನೇ ಸಂಕರದ ಗಡ್ಡೆ. ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು ಆಸ್ಪತ್ರೆಯಲ್ಲಿದ್ದ ಹುಡುಗನಲ್ಲ, ಅಯ್ಯೋ ಇದರ ಹೂ ಯಾವುದು ಅಂತ ಇನ್ನು ಗೊತ್ತಾಗುವುದಿಲ್ಲವಲ್ಲ ಅನ್ನುವುದು. ಒಂದೇ ಕ್ಷಣ. ಆದರೆ ಬಂತು. ಆಟೋದಲ್ಲಿ ಹೋಗುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅವನಿಗೆ ಡ್ರಿಪ್ ಹಾಕಿದ್ದರು. ಮುಖ ಸುಣ್ಣದಂತಾಗಿತ್ತು. ತಿಂದದ್ದು ಸ್ವಲ್ಪ, ಅದೂ ವಾಂತಿಯಲ್ಲಿ ಹೋಗಿದೆ, ಸಂಜೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರ್ ಹೇಳಿದರು. ನಾನು ಯಾರು ಎಂದು ಹೇಳಿ ಕ್ಷಮೆ ಕೇಳಿದೆ. ಅವನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಗಿತ್ತು. ನೆಗಡಿಯಾಗಿ ಮೂಗು ಕಟ್ಟಿತ್ತು ಆಂಟಿ, ವಾಸನೆ ತಿಳಿಯಲಿಲ್ಲ ಎಂದು ಗೋಡೆ ಕಡೆ ತಿರುಗಿ ಮಲಗಿದ. ಸಂಜೆಯವರೆಗೆ ಅಲ್ಲೇ ಕೂತಿದ್ದೆ.

ಮರುದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಕೆಂಪು ಚೀಲಗಳು ಬಿದ್ದಿದ್ದವು. ಕೆಲವರು ಗಂಟೆ ಒತ್ತಿ ಕೊಟ್ಟುಹೋದರು, ಹಲವರು ಒತ್ತದೆಯೇ ಇಟ್ಟುಹೋದರು. ಎದುರುಮನೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಬೀದಿಯ ಏಳೆಂಟು ಜನರನ್ನು ಕರೆದುಕೊಂಡು ಬಂದರು. ನಾನು ಗೇಟಿನ ಒಳಗೆ, ಅವರು ಹೊರಗೆ. ಇದನ್ನೆಲ್ಲ ಕಾರ್ಪೊರೇಷನ್ ಗಾಡಿಗೆ ಹಾಕಿಸಬೇಕು, ತಾರಸಿಯಲ್ಲಿರುವುದನ್ನೂ ಸೇರಿಸಿ, ಇಲ್ಲದಿದ್ದರೆ ದೂರು ಕೊಡುತ್ತೇವೆ ಎಂದರು.

"ನಿಮ್ಮ ಹವ್ಯಾಸಕ್ಕೆ ಬೀದಿಯವರು ಪ್ರಾಣ ಕೊಡ್ಬೇಕಾ ಮೇಡಂ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಹವ್ಯಾಸ ಎಂಬ ಮಾತು ನನಗೆ ಚುಚ್ಚಿತು.

"ಹವ್ಯಾಸ ಅಲ್ಲ ಸಾರ್, ನನ್ನ ಕೆಲಸ. ತಪ್ಪು ನಂದು, ಗಡ್ಡೇದಲ್ಲ. ಈರುಳ್ಳಿ ಚೀಲದಲ್ಲಿ ಕೊಟ್ಟಿದ್ದು ನಾನು, ತಿನ್ನಬಾರದು ಅಂತ ಹೇಳದೇ ಇದ್ದಿದ್ದು ನಾನು. ಅದನ್ನ ಸರಿ ಮಾಡ್ತೀನಿ. ಎಸೆಯೋದು ಮಾತ್ರ ಎಸೆಯಲ್ಲ. ನಿಮ್ಮ ಕಾಂಪೌಂಡಲ್ಲಿ ಸಾಲಾಗಿ ಕಣಗಿಲೆ ಇದೆ. ಅದು ಇದಕ್ಕಿಂತ ದೊಡ್ಡ ವಿಷ. ದಿನಾ ಬೆಳಿಗ್ಗೆ ಅದರ ಹೂ ಕಿತ್ತು ಪೂಜೆ ಮಾಡ್ತೀರಿ. ಯಾರಾದ್ರೂ ಕಡಿಸಿ ಅಂದ್ರಾ?"

ಅವರು ತಮ್ಮ ಕಣಗಿಲೆಯ ಕಡೆ ಒಮ್ಮೆ ತಿರುಗಿ ನೋಡಿದರು. ಜೊತೆಗೆ ಬಂದವರೂ ನೋಡಿದರು. ಹೆಂಗಸಿಗೆ ಇಷ್ಟು ಮಾತು ಒಳ್ಳೆಯದಲ್ಲ ಎಂಬರ್ಥದ ಏನೋ ಹೇಳಿ ಅವರು ಹೋದರು.

ಆ ವಾರವೇ ನನಗೊಂದು ಫೋನ್ ಬಂತು. ಆ ಹುಡುಗನ ತಾಯಿ. ಮಗನಿಂದ ನಂಬರ್ ಕೇಳಿ ಪಡೆದು ಊರಿನಿಂದ ಮಾಡಿದ್ದರು.

"ನನ್ ಮಗಗ ವಿಷದ ಗಡ್ಡಿ ಕೊಟ್ಟಾಕಿ ನೀವೇನ್ರೀ?"

ಹೌದು ತಾಯಿ ಎಂದು ಒಪ್ಪಿಕೊಂಡೆ. ಅವರು ಐದು ನಿಮಿಷ ಬೈದರು. ಬೈಗುಳ ನಿಧಾನವಾಗಿ ನನ್ನನ್ನು ಬಿಟ್ಟು ಮಗನ ಕಡೆ ಹೊರಳಿತು.

"ಕೊಯ್ಯೂವಾಗ ಕಣ್ಣಾಗ ನೀರು ಬರ್ಲಿಲ್ಲಂದ್ರ ಅದು ಉಳ್ಳಾಗಡ್ಡಿ ಅಲ್ಲಂತ ತಿಳೀಬಾರದೇನ್ರೀ ಆ ಮಬ್ಬಗ? ಉಳ್ಳಾಗಡ್ಡಿ ಬೆಳ್ಯಾವ್ರ ಮನ್ಯಾಗ ಹುಟ್ಟ್ಯಾನ."

ಆಮೇಲೆ ಇಬ್ಬರೂ ಗಡ್ಡೆಗಳ ಬಗ್ಗೆಯೇ ಮಾತಾಡಿದೆವು. ಅವರು ಬೀಜಕ್ಕೆಂದು ಇಟ್ಟುಕೊಳ್ಳುವ ಈರುಳ್ಳಿಯ ಕುತ್ತಿಗೆಗೆ ಸುಣ್ಣದ ಪಟ್ಟಿ ಬಳಿದು ಬೇರೆ ಇಡುತ್ತಾರಂತೆ, ಮನೆಯಲ್ಲಿ ಯಾರಾದರೂ ತಿಳಿಯದೆ ಸಾರಿಗೆ ಹಾಕಿಬಿಡಬಾರದು ಎಂದು. ಇಪ್ಪತ್ತಾರು ವರ್ಷದಲ್ಲಿ ನನಗೆ ಹೊಳೆಯದ ಉಪಾಯವನ್ನು ಬೈಯಲು ಫೋನ್ ಮಾಡಿದವರು ಕೊಟ್ಟರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಮರುದಿನ ಹಾರ್ಡ್‌ವೇರ್ ಅಂಗಡಿಯಿಂದ ನೀಲಿ ಆಯಿಲ್ ಪೇಂಟ್ ತಂದೆ. ಕೆಂಗೇರಿಯಿಂದ ನನ್ನ ಹಳೆಯ ಜೊತೆಗಾತಿ ಭಾನುವಾರ ಬಂದರು. ಇಬ್ಬರೂ ತಾರಸಿಯಲ್ಲಿ ಕೂತು, ವಾಪಸಾದ ಪ್ರತಿ ಗಡ್ಡೆಗೂ ನೀಲಿ ಪಟ್ಟಿ ಬಳಿದು, ಬಲೆಚೀಲ ಬಿಸಾಡಿ, ಪೇಪರ್ ಚೀಲಕ್ಕೆ ತುಂಬಿ, ಮೇಲೆ ದಪ್ಪಕ್ಷರದಲ್ಲಿ ವಿಷ, ತಿನ್ನಬಾರದು ಎಂದು ಬರೆದೆವು. ಅದನ್ನು ಹಿಡಿದು ಅದೇ ಮನೆಗಳಿಗೆ ಮತ್ತೆ ಹೋದೆ. ಇನ್ನೂ ವಾಪಸು ಕೊಡದವರ ಮನೆಗೂ ಹೋಗಿ ಬಣ್ಣ ಬಳಿದು ಬಂದೆ. ನನ್ನ ಗಂಡ ಮಾತ್ರ ಸ್ವಲ್ಪ ದಿನ ಬಿಟ್ಟು ಹೋಗಬಹುದಿತ್ತಲ್ಲ ಅಂದರು. ಸ್ವಲ್ಪ ದಿನ ಬಿಟ್ಟರೆ ಹೆದರಿಕೆ ಗಟ್ಟಿಯಾಗುತ್ತದೆ ಅಂದೆ. ಬಾಗಿಲಲ್ಲಿ ನಿಂತು ಮೊದಲು ತಪ್ಪೊಪ್ಪಿಗೆ, ಆಮೇಲೆ ಕೋರಿಕೆ. ಹೆಚ್ಚಿನವರು ಬೇಡ ಅಂದರು. ಇಬ್ಬರು ಬಾಗಿಲು ಪೂರ್ತಿ ತೆರೆಯಲೂ ಇಲ್ಲ. ಮನೆಯಲ್ಲಿ ತೆವಳುವ ಮಗುವಿದ್ದ ಕಡೆ ನಾನೇ ಬೇಡವೆಂದೆ. ಹದಿನೇಳು ಮನೆಯವರು ಇಟ್ಟುಕೊಂಡರು. ಟೈಲರ್ ಆಂಟಿ ಇಟ್ಟುಕೊಳ್ಳಲಿಲ್ಲ, ಆದರೆ ಅಂದಿನಿಂದ ಕಾಫಿಗೆ ಕರೆಯುವುದನ್ನೂ ಬಿಡಲಿಲ್ಲ.

ಹದಿನೈದು ಗಡ್ಡೆಗಳನ್ನು ನನ್ನ ಜೊತೆಗಾತಿ ತಮ್ಮ ಮಗಳ ಮನೆಗೆ ಒಯ್ದರು. ಉಳಿದ ಗಡ್ಡೆಗಳಿಗೆ ಎಲ್ಲಿ ಜಾಗ? ಬಟ್ಟೆಯ ತಂತಿ ತೆಗೆಸಿದೆ. ಮೆಟ್ಟಿಲಿನ ಎರಡೂ ಬದಿ, ಸಜ್ಜೆಯ ಮೇಲೆ, ಹಳೆಯ ವಾಷಿಂಗ್ ಮಷೀನಿನ ಡ್ರಮ್ಮಿನಲ್ಲಿ ನೆಟ್ಟೆ. ಎದುರುಮನೆಯವರು ಹೇಳಿದಂತೆ ದೂರು ಕೊಟ್ಟರು. ಕಾರ್ಪೊರೇಷನ್ನಿನಿಂದ ಒಬ್ಬರು ಬಂದು ನೋಡಿ, ನೀಲಿ ಪಟ್ಟಿ, ವಿಷ ಎಂದು ನಾನು ಬರೆದಿಟ್ಟಿದ್ದ ಬೋರ್ಡು ಎಲ್ಲ ಗಮನಿಸಿ, ತಾರಸಿ ನಿಮ್ಮದೇ ತಾನೇ ಎಂದು ಕೇಳಿ, ತಮ್ಮ ತಾಯಿಗೆಂದು ಲಿಲ್ಲಿಯ ನಾಲ್ಕು ಗಡ್ಡೆ ಕೇಳಿ ತೆಗೆದುಕೊಂಡು ಹೋದರು. ಅವಕ್ಕೂ ಪಟ್ಟಿ ಬಳಿದೇ ಕೊಟ್ಟೆ.

ಏಪ್ರಿಲ್‌ನಲ್ಲಿ ಮೊದಲ ಮಳೆ ಬಿತ್ತು. ಹತ್ತು ದಿನದೊಳಗೆ ಫೋನುಗಳು ಶುರುವಾದವು. ಬಂತು ಮೇಡಂ, ಬನ್ನಿ. ನೋಟ್‌ಬುಕ್ಕು, ಅಳತೆ ಟೇಪು ಹಿಡಿದು ಮನೆಮನೆಗೆ ಓಡಿದೆ. ಇಸ್ತ್ರಿ ಅಂಗಡಿಯ ಮುಂದೆ ಪೇಂಟ್ ಡಬ್ಬದಲ್ಲಿ ಕೆಂಪು, ಹಾಲಿನ ಬೂತಿನ ಹಿಂದೆ ಕೆಂಪು, ಟೀಚರ್ ಮನೆಯಲ್ಲಿ ಕೇಸರಿ ಗೆರೆಯ ಕೆಂಪು. ಮಾಮೂಲಿ ಹೂಗಳು. ನೋಡಿದವರಿಗೆ ಅದೇ ಹಬ್ಬ, ನನಗೆ ಒಳಗೊಳಗೇ ನಿರಾಸೆ. ನಾನೆಂದೂ ಅವರ ಮುಂದೆ ಅದನ್ನು ತೋರಿಸಲಿಲ್ಲ. ಬಿಳಿ ಬಂದದ್ದು ಮೂರೇ ಮೂರು. ಎರಡು ಉದ್ದ ದಂಟಿನವು, ಮೇ ಮೊದಲ ವಾರದ ಗಾಳಿಗೆ ಬಿದ್ದವು. ಮೂರನೆಯದು ಕೆಂಗೇರಿ ಉಪನಗರದಲ್ಲಿ, ನನ್ನ ಜೊತೆಗಾತಿಯ ಮಗಳ ಮನೆಯ ಬಾಲ್ಕನಿಯಲ್ಲಿ ಬಿಟ್ಟಿತ್ತು. ದಂಟು ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು, ಅಷ್ಟೇ. ಅದೇ ಗಾಳಿಮಳೆಗೆ ಬೀದಿಯ ಮರದ ಕೊಂಬೆ ಮುರಿದು ಕರೆಂಟ್ ಹೋಗಿತ್ತು. ಬೆಳಿಗ್ಗೆ ಮೆಟ್ರೋ ಹತ್ತಿ ಹೋಗಿ ನೋಡಿದೆ. ಹೂ ನಿಂತಿತ್ತು.

ನಾನೂ ಅವರೂ ಅದರ ಮುಂದೆ ಬಾಲ್ಕನಿಯ ನೆಲದ ಮೇಲೆ ಕೂತೆವು. ಅವರು ಬೆರಳಲ್ಲಿ ಮುಟ್ಟಿ ನೋಡಿ, ದಳ ತೆಳ್ಳಗಾಯ್ತು ಕಣವ್ವಾ, ಮೂರು ದಿನಕ್ಕೆ ಬಾಡ್ತದೆ ಅಂದರು. ನಿಜ. ನಾಲ್ಕನೇ ದಿನ ಬಾಡಿತು. ಅಷ್ಟರೊಳಗೆ ಅದರ ಪರಾಗ ತೆಗೆದು, ದಪ್ಪ ದಳದ ಒಂದು ಹಳೆಯ ತಳಿಗೆ ಮುಟ್ಟಿಸಿದ್ದೆ. ಕಾಯಿ ಕಟ್ಟಿತು.

ಎದುರುಮನೆಯವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ನಾನೂ ಹೋಗಿ ಮಾತಾಡಿಸಿಲ್ಲ. ಆ ಹುಡುಗ ಈಗ ಬೇರೆ ಏರಿಯಾದಲ್ಲಿದ್ದಾನೆ, ಎಲ್ಲಾದರೂ ಸಿಗ್ನಲ್ಲಿನಲ್ಲಿ ಸಿಕ್ಕರೆ ಹೆಲ್ಮೆಟ್ಟಿನ ಗಾಜು ಎತ್ತಿ ನಗುತ್ತಾನೆ. ಮನೆಗೆ ಬರುವ ನೆಂಟರು, ಈ ವಯಸ್ಸಿನಲ್ಲಿ ಯಾಕೆ, ಸಂಬಳವಿಲ್ಲ, ಹೆಸರಿಲ್ಲ ಅನ್ನುತ್ತಾರೆ. ಅವರ ಕೈಗೆ ಕಾಫಿ ಕೊಟ್ಟು ತಾರಸಿಗೆ ಹೋಗುತ್ತೇನೆ.

ಆ ಕಾಯಿಯ ಬೀಜ ಬಿತ್ತಿ ಎರಡು ವಾರವಾಗಿದೆ. ಟ್ರೇಯಲ್ಲಿ ಹುಲ್ಲಿನಂಥ ಹಸಿರು ಮೊಳಕೆ ಎದ್ದಿವೆ, ಎಣಿಸಿದರೆ ಇನ್ನೂರ ಹನ್ನೆರಡು. ಇವು ಹೂ ಬಿಡುವ ಹೊತ್ತಿಗೆ ನನಗೆ ಎಷ್ಟು ವಯಸ್ಸು ಎಂದು ನನ್ನ ಗಂಡ ನಿನ್ನೆ ಲೆಕ್ಕ ಹಾಕಲು ಹೊರಟರು. ಲೆಕ್ಕ ಆಮೇಲೆ ಹಾಕಿ, ಮೊದಲು ಆ ಟ್ರೇ ಸ್ವಲ್ಪ ಬಿಸಿಲಿಗೆ ಸರಿಸಿ ಅಂದೆ. ಸರಿಸಿದರು.